ಬೆಲ್ಲಾ ವಿಸ್ಟಾದಲ್ಲಿ ಸಾಲುಮನೆ: ಕೊಳ್ಳುವ ಮುಂಚೆ ಗೋಡೆಯ ಆಚೆಗೂ ಒಮ್ಮೆ ನೋಡಿ

ನಮ್ಮ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದು ಪಕ್ಕದ ಮನೆಯ ಅಜ್ಜಿಗೆ ಗೊತ್ತು. ಫಿಲೀಸ್ ಬೇಸ್‌ಬಾಲ್ ತಂಡ ಗೆದ್ದಿತೋ ಸೋತಿತೋ ಅನ್ನೋದು ಅವರ ಟಿವಿಯಿಂದ ನಮಗೆ ಗೊತ್ತಾಗುತ್ತದೆ. ನಡುವೆ ಇರುವುದು ಒಂದೇ ಒಂದು ಇಟ್ಟಿಗೆ ಗೋಡೆ. ಅರ್ಧ ಅವರದು, ಅರ್ಧ ನಮ್ಮದು.

ನಮ್ಮ ಪರಿಚಯದ ಕನ್ನಡಿಗರು ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದರೂ ಮನೆ ತೆಗೆದುಕೊಳ್ಳುವುದು ಊರಾಚೆ. ಎಕ್ಸ್‌ಟನ್ ಕಡೆ, ಕಿಂಗ್ ಆಫ್ ಪ್ರಶಾ ಕಡೆ. ಹುಲ್ಲುಹಾಸು, ಎರಡು ಕಾರಿನ ಗ್ಯಾರೇಜು, ಸುತ್ತ ಖಾಲಿ ಜಾಗ. ನಾವು ಮಾತ್ರ ಊರೊಳಗೇ, ದಕ್ಷಿಣ ಫಿಲಡೆಲ್ಫಿಯಾದ ಹಳೆಯ ಇಟಾಲಿಯನ್ ಬೀದಿಗಳ ನಡುವೆ, ಬೆಲ್ಲಾ ವಿಸ್ಟಾದಲ್ಲಿ ಸಾಲುಮನೆ ಕೊಂಡೆವು. ಗೃಹಪ್ರವೇಶಕ್ಕೆ ಬಂದ ಗೆಳೆಯರೊಬ್ಬರು ಸುತ್ತ ನೋಡಿ, “ಇಷ್ಟು ದುಡ್ಡು ಕೊಟ್ಟು ವಠಾರಕ್ಕೆ ಬಂದ್ರಾ?” ಅಂದರು. ತಮಾಷೆಗೇ ಅಂದಿದ್ದು. ಆದರೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಇನ್ನೂ ಕೇಳಿಲ್ಲ.

ಇಲ್ಲಿ ಮನೆ ಕೊಳ್ಳುವುದು ಅಂದರೆ ವಠಾರಕ್ಕೆ ಸೇರಿಕೊಂಡ ಹಾಗೆಯೇ. ಗೋಡೆ, ಹಿತ್ತಲ ಓಣಿ, ಕಾರು ನಿಲ್ಲಿಸುವ ಜಾಗ, ಸದ್ದು, ವಾಸನೆ, ಯಾವುದೂ ಪೂರ್ತಿ ನಮ್ಮದಲ್ಲ. ಅದು ಇಷ್ಟವಾಗುವವರಿಗೆ ಇಂಥ ಜಾಗ ಇನ್ನೊಂದಿಲ್ಲ. ಆಗದವರು ಈ ಲೇಖನ ಓದಿ ಊರಾಚೆಗೇ ಹೋದರೂ ನನಗೆ ಬೇಸರವಿಲ್ಲ.

ಮೊದಲು ಬೀದಿ, ಆಮೇಲೆ ಮನೆ

ಬೆಲ್ಲಾ ವಿಸ್ಟಾ ಅಂದರೆ ಉತ್ತರಕ್ಕೆ ಸೌತ್ ಸ್ಟ್ರೀಟ್, ದಕ್ಷಿಣಕ್ಕೆ ವಾಷಿಂಗ್ಟನ್ ಅವೆನ್ಯೂ, ನಡುವೆ 6ನೇ ಬೀದಿಯಿಂದ 11ನೇ ಬೀದಿವರೆಗಿನ ಜಾಗ. ಅದರ ಬೆನ್ನೆಲುಬು 9ನೇ ಬೀದಿಯ ಸಂತೆ. ಎಲ್ಲರೂ ಇಟಾಲಿಯನ್ ಮಾರ್ಕೆಟ್ ಅನ್ನುತ್ತಾರೆ. ಅಂಗಡಿಗಳ ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಟೊಮೆಟೊ, ಬದನೆ, ಕಿತ್ತಳೆ ರಾಶಿ. ಚಳಿಗಾಲದಲ್ಲಿ ವ್ಯಾಪಾರಿಗಳು ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಾರೆ.

1852ರಲ್ಲಿ ಇಲ್ಲಿ ಸೇಂಟ್ ಮೇರಿ ಮ್ಯಾಗ್ಡಲೆನ್ ದಿ ಪಾಟ್ಸಿ ಚರ್ಚ್ ಶುರುವಾಯಿತು. ಅಮೆರಿಕದಲ್ಲಿ ಇಟಾಲಿಯನ್ನರಿಗೆಂದೇ ಆದ ಮೊದಲ ಪ್ಯಾರಿಷ್, ಅಂದರೆ ಚರ್ಚ್ ಸಮುದಾಯ, ಅದು. 1880ರ ಹೊತ್ತಿಗೆ ಅಬ್ರುತ್ಸಿ, ಕಲಾಬ್ರಿಯಾ, ಸಿಸಿಲಿ ಕಡೆಯಿಂದ ಜನ ಹಡಗು ಹಡಗಾಗಿ ಬರತೊಡಗಿದರು. 1884ರಲ್ಲಿ ಪಲುಂಬೊ ಅನ್ನುವವರು ಹೊಸದಾಗಿ ಬಂದವರಿಗೆ ಊಟ ವಸತಿಯ ಮನೆ ತೆರೆದರು. ಅದರ ಸುತ್ತ ಸಂತೆ ಬೆಳೆಯಿತು. 1924ರ ವಲಸೆ ಕಾನೂನು ಬಂದ ಮೇಲೆ ಈ ಹರಿವು ಹೆಚ್ಚುಕಡಿಮೆ ನಿಂತೇಹೋಯಿತು.

ಈ ಕತೆ ಮನೆ ಕೊಳ್ಳುವವರಿಗೆ ಯಾಕೆ ಬೇಕು ಅಂದರೆ, 1930ರ ದಶಕದಲ್ಲಿ ಸರ್ಕಾರಿ ಸಾಲಸಂಸ್ಥೆ ನಗರಗಳ ನಕ್ಷೆ ಮಾಡಿ, ಸಾಲ ಕೊಡಲು ಅಪಾಯದ ಜಾಗ ಅಂತ ಕೆಂಪು ಬಣ್ಣ ಬಳಿದಾಗ, ಇಟಾಲಿಯನ್ನರು ಇರುವುದೇ ಒಂದು ದೋಷ ಅಂತ ಬರೆಯುತ್ತಿದ್ದರು. ಇವತ್ತು ಅದೇ ‘ಹಳೇ ಇಟಾಲಿಯನ್ ಕಳೆ’ಗೆ ಮನೆ ಮಾರುವವರು ಹೆಚ್ಚಿನ ಬೆಲೆ ಹೇಳುತ್ತಾರೆ. ಜಾಹೀರಾತಿನಲ್ಲಿ ಆ ಮಾತು ಕಂಡಾಗ ನಕ್ಕುಬಿಡಿ, ಸುಮ್ನೆ ಮರುಳಾಗಬೇಡಿ.

ಇನ್ನೊಂದು ವಿಷಯ. ಇಟಾಲಿಯನ್ ಬೀದಿ ಅಂದ ಮಾತ್ರಕ್ಕೆ ಈಗ ಇಟಾಲಿಯನ್ನರೇ ತುಂಬಿಕೊಂಡಿಲ್ಲ. ಮೆಕ್ಸಿಕೊದ ಪುಯೆಬ್ಲಾ ರಾಜ್ಯದ ಸಾನ್ ಮತೇಯೊ ಒಸೊಲ್ಕೊ ಅನ್ನುವ ಒಂದೇ ಹಳ್ಳಿಯಿಂದ ಎಷ್ಟೋ ಕುಟುಂಬಗಳು ಬಂದು ನೆಲೆಸಿವೆ. 9ನೇ ಬೀದಿಯ ದಕ್ಷಿಣ ತುದಿಯಲ್ಲಿ ಚೀಸ್ ಅಂಗಡಿಗಿಂತ ಟಾಕೊ ಅಂಗಡಿಗಳೇ ಕಣ್ಣಿಗೆ ಬೀಳುತ್ತವೆ. ವಾಷಿಂಗ್ಟನ್ ಅವೆನ್ಯೂ ಉದ್ದಕ್ಕೂ ವಿಯೆಟ್ನಾಮಿನವರ ದೊಡ್ಡ ದಿನಸಿ ಅಂಗಡಿಗಳಿವೆ. ನುಗ್ಗೇಕಾಯಿ, ಹಾಗಲಕಾಯಿ ಹುಡುಕಲು ನಾವು ಹೋಗುವುದು ಅಲ್ಲಿಗೇ.

ಬೀದಿಯನ್ನು ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಕನಿಷ್ಠ ನಾಲ್ಕು ಹೊತ್ತಿನಲ್ಲಿ ಹೋಗಿ ನೋಡಿ. ಬೆಳಗಿನ ಜಾವ ಹೋದರೆ ಸಂತೆಗೆ ಬರುವ ಲಾರಿಗಳ ಸದ್ದು ಗೊತ್ತಾಗುತ್ತದೆ. ಶನಿವಾರ ಮಧ್ಯಾಹ್ನ ಹೋದರೆ ಜನಜಂಗುಳಿ. ಸೋಮವಾರ ಹೋದರೆ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಬೀದಿ ಭಣಭಣ. ಕೊನೆಯದು ಶುಕ್ರವಾರ ರಾತ್ರಿ ಹನ್ನೆರಡರ ಮೇಲೆ. 9ನೇ ಬೀದಿಯೂ ಪ್ಯಾಶಂಕ್ ಅವೆನ್ಯೂವೂ ಸೇರುವ ಕಡೆ, ಬ್ರೆಡ್ಡಿನೊಳಗೆ ಮಾಂಸ, ಚೀಸ್ ತುಂಬಿ ಕೊಡುವ ಎರಡು ಚೀಸ್‌ಸ್ಟೇಕ್ ಅಂಗಡಿಗಳು ಎದುರುಬದುರು ಇವೆ. ಪ್ಯಾಟ್ಸ್ 1930ರದು, ಜೀನೋಸ್ 1966ರದು. ಎರಡೂ ಇಡೀ ರಾತ್ರಿ ತೆರೆದಿರುತ್ತವೆ. ನಿಯಾನ್ ದೀಪ, ಕುಡಿದು ಬಂದವರ ಹಾಡು, ಹಾರ್ನ್. ಅದರ ಎರಡು ಬ್ಲಾಕ್ ಒಳಗೆ ಮಲಗುವ ಕೋಣೆ ಇದ್ದರೆ ಕಿಟಕಿ ಗಾಜು ಎರಡು ಪದರದ್ದಾ ಅಂತ ನೋಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಸಂತೆಬೀದಿಯಲ್ಲಿ ಮಾಂಸದಂಗಡಿ, ಮೀನಿನಂಗಡಿ ಜಾಸ್ತಿ. ಕುರಿಯನ್ನು ಇಡಿಯಾಗಿ ಕಿಟಕಿಯಲ್ಲಿ ನೇತುಹಾಕಿರುತ್ತಾರೆ. ಬೇಸಿಗೆಯ ಮಧ್ಯಾಹ್ನ ಮೀನಿನ ನೀರು ರಸ್ತೆಬದಿಯಲ್ಲಿ ಹರಿಯುತ್ತದೆ. ನಮ್ಮ ಅತ್ತೆ ಬಂದಾಗ ಮೊದಲ ವಾರ ಸೆರಗು ಮೂಗಿಗೆ ಹಿಡಿದೇ ಓಡಾಡಿದರು. ನಿಮಗೂ ಹಾಗೇ ಅನಿಸಿದರೆ 9ನೇ ಬೀದಿ ಬಿಟ್ಟು ಒಂದೆರಡು ಬೀದಿ ಆಚೆ ನೋಡಿ. ಸಂತೆ ಹತ್ತಿರವೇ ಇರುತ್ತದೆ, ವಾಸನೆ ಬರುವುದಿಲ್ಲ.

ಮಕ್ಕಳಿದ್ದರೆ ಇನ್ನೊಂದು ಕೆಲಸ. ಸರ್ಕಾರಿ ಶಾಲೆಗಳು ವಿಳಾಸದ ಮೇಲೆ ಹಂಚಿಕೆ. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು. ಮೆರೆಡಿತ್ ಶಾಲೆಯ ಗಡಿಯೊಳಗೆ ಬರುವ ಮನೆಗೆ ಅದೇ ಕಾರಣಕ್ಕೆ ಬೆಲೆ ಏರುತ್ತದೆ. ಏಜೆಂಟರ ಬಾಯಿಮಾತು ನಂಬದೆ ಶಾಲಾ ಇಲಾಖೆಯ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ.

ಯಾವ ಥರದ ಮನೆ

ಅತಿ ಚಿಕ್ಕದು ಟ್ರಿನಿಟಿ. ಮೂರು ಮಹಡಿ, ಮಹಡಿಗೊಂದೇ ಕೋಣೆ. ತಂದೆ, ಮಗ, ಪವಿತ್ರಾತ್ಮ ಅಂತ ಜನ ಹೆಸರಿಟ್ಟಿದ್ದಾರೆ. ಮೆಟ್ಟಿಲು ಬೀರುವಿನೊಳಗೆ ಸುತ್ತಿಕೊಂಡು ಹೋದ ಹಾಗಿರುತ್ತದೆ. ದೊಡ್ಡ ಮಂಚ ಮೇಲೆ ಹೋಗುವುದಿಲ್ಲ, ಕಿಟಕಿಯಿಂದ ಹಗ್ಗ ಕಟ್ಟಿ ಎಳೆಯಬೇಕು. ಒಬ್ಬರಿಗೆ ಚೆಂದ. ವಯಸ್ಸಾದ ಅಪ್ಪ ಅಮ್ಮ ಆರಾರು ತಿಂಗಳು ಬಂದಿರುವವರ ಮನೆಗೆ ಇದು ಬೇಡವೇ ಬೇಡ. ಮಂಡಿನೋವಿನವರು ಬಚ್ಚಲಿಗೆ ಹೋಗಲೂ ಹತ್ತಿ ಇಳಿಯಬೇಕು.

ಅದಕ್ಕಿಂತ ದೊಡ್ಡದು ಎರಡು ಅಥವಾ ಮೂರು ಮಹಡಿಯ ಮಾಮೂಲಿ ಸಾಲುಮನೆ. ಅಗಲ ಹದಿನಾಲ್ಕರಿಂದ ಹದಿನಾರು ಅಡಿ. ಮುಂದೆ ಎರಡು ಮೂರು ಮೆಟ್ಟಿಲು, ಕೆಲವಕ್ಕೆ ಅಮೃತಶಿಲೆಯವು. ಒಳಗೆ ಒಂದರ ಹಿಂದೆ ಒಂದು ಕೋಣೆ, ಕೊನೆಗೆ ಅಡುಗೆಮನೆ, ಅದರಾಚೆ ಒಂದು ಹಾಸಿಗೆಯಷ್ಟು ಹಿತ್ತಲು. ನಮ್ಮದು ಇದೇ. ವಾಸ್ತು ನೋಡುವವರಿಗೆ ಇಲ್ಲಿ ಕೆಲಸ ಕಡಿಮೆ. ಬೀದಿಯ ಒಂದು ಬದಿಯ ಎಲ್ಲ ಬಾಗಿಲೂ ಒಂದೇ ದಿಕ್ಕಿಗೆ. ಪೂರ್ವದ ಬಾಗಿಲು ಬೇಕಾದರೆ ಎದುರು ಬದಿಯ ಮನೆ ಮಾರಾಟಕ್ಕೆ ಬರುವವರೆಗೆ ಕಾಯಬೇಕು.

ಹಳೆ ಮನೆ ಕೆಡವಿ ಎಬ್ಬಿಸಿದ ಹೊಸ ಕಟ್ಟಡಗಳೂ ಇವೆ. ಅವುಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ತೆರಿಗೆ ವಿನಾಯಿತಿ ಯಾವ ವರ್ಷ ಮುಗಿಯುತ್ತದೆ ಅಂತ ಮಾತ್ರ ಕೇಳಿ. 2022ರಿಂದ ಈಚೆಗೆ ಅರ್ಜಿ ಹಾಕಿ ಕಟ್ಟಿದ ಹೊಸ ಮನೆಗಳಿಗೆ ಈ ವಿನಾಯಿತಿ ವರ್ಷಕ್ಕೆ ಹತ್ತು ಶೇಕಡಾ ಇಳಿಯುತ್ತಾ ಹತ್ತು ವರ್ಷಕ್ಕೆ ಮುಗಿದುಹೋಗುತ್ತದೆ. ಇವತ್ತಿನ ಬಿಲ್ಲು ನೋಡಿ ಖುಷಿಪಡಬಾರದು.

ದುಡ್ಡಿನ ಲೆಕ್ಕ

5 ಲಕ್ಷ ಡಾಲರಿನ ಮನೆ ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಸುಲಭ.

ಫಿಲಡೆಲ್ಫಿಯಾದಲ್ಲಿ ಮನೆ ಕೈಬದಲಾದಾಗ ವರ್ಗಾವಣೆ ತೆರಿಗೆ ಕಟ್ಟಬೇಕು. 2025ರ ಜುಲೈ 1ರಿಂದ ನಗರ ಮತ್ತು ರಾಜ್ಯ ಎರಡೂ ಸೇರಿ ಅದು ಶೇ. 4.578. ನಮ್ಮೂರಿನ ಸ್ಟಾಂಪ್ ಡ್ಯೂಟಿ ಪೂರ್ತಿ ಕೊಳ್ಳುವವರ ತಲೆಯ ಮೇಲೆ. ಇಲ್ಲಿ ಸಾಮಾನ್ಯವಾಗಿ ಮಾರುವವರೂ ಕೊಳ್ಳುವವರೂ ಅರ್ಧರ್ಧ. ನಿಮ್ಮ ಪಾಲು 11,445 ಡಾಲರ್. ಮುಂಗಡ ಹಣದ ಮೇಲೆ ಇದು ಬೇರೆ. ಮಾರುವಾಗ ಮತ್ತೆ ಅರ್ಧ ನೀವೇ ಕಟ್ಟಬೇಕು. ಅದಕ್ಕೇ ಎರಡು ಮೂರು ವರ್ಷಕ್ಕೆ ಇಲ್ಲಿ ಮನೆ ಕೊಳ್ಳುವುದು ನನ್ನ ಪ್ರಕಾರ ದುಡ್ಡು ಸುರಿದ ಹಾಗೆ. ಎಚ್-1ಬಿ ವೀಸಾದವರು ಇದನ್ನು ಎರಡು ಸಲ ಯೋಚಿಸಿ. ಕೆಲಸ ಹೋದರೆ ದೇಶದಲ್ಲಿ ಉಳಿಯಲು ನಿಮಗಿರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಮನೆ ಮಾರಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಆಸ್ತಿ ತೆರಿಗೆ ನಗರ ಕಟ್ಟಿದ ಬೆಲೆಯ ಶೇ. 1.3998. ನೀವೇ ವಾಸವಿರುವ ಮನೆಯಾದರೆ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಿ. ಕಟ್ಟಿದ ಬೆಲೆಯಲ್ಲಿ 1 ಲಕ್ಷ ಡಾಲರ್ ಕಳೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ವರ್ಷಕ್ಕೆ ಸುಮಾರು 5,600 ಡಾಲರ್ ಆಯಿತು. ಕಟ್ಟಲು ಕೊನೆಯ ದಿನ ಮಾರ್ಚ್ 31. ಇಲ್ಲಿ ಒಂದು ಗುಂಡಿ ಇದೆ. ಮೂವತ್ತು ನಲವತ್ತು ವರ್ಷದಿಂದ ಅಲ್ಲೇ ಇರುವ ಹಿರಿಯರಿಗೆ ನಗರ ಬೇರೆ ರಿಯಾಯಿತಿ ಕೊಡುತ್ತದೆ. ಅವರ ಬಿಲ್ಲು ತೀರಾ ಕಡಿಮೆ ಇರುತ್ತದೆ. ಮನೆ ನಿಮ್ಮ ಹೆಸರಿಗೆ ಬಂದ ಕೂಡಲೇ ಆ ರಿಯಾಯಿತಿ ಮಾಯ. ಹಾಗಾಗಿ ಮಾರುವವರ ಬಿಲ್ಲು ನೋಡಬೇಡಿ, ಕಟ್ಟಿದ ಬೆಲೆ ಹಿಡಿದು ನೀವೇ ಗುಣಿಸಿ.

ಇನ್ನು ಸಂಬಳದ ತೆರಿಗೆ. ಊರೊಳಗೆ ಮನೆ ಮಾಡಿದರೆ ಸಂಬಳದಲ್ಲಿ ನಗರಕ್ಕೂ ಒಂದು ಪಾಲು ಹೋಗುತ್ತದೆ. 2025ರ ಜುಲೈಯಿಂದ ಅದು ಶೇ. 3.74. ಕಚೇರಿ ಊರಾಚೆ ಇದ್ದರೂ ವಾಸ ಇಲ್ಲಿದ್ದರೆ ಕಟ್ಟಲೇಬೇಕು. ರಾಜ್ಯದ ಶೇ. 3.07 ಬೇರೆ. ವಾಸವೂ ಕೆಲಸವೂ ಊರಾಚೆಯೇ ಇರುವ ಗೆಳೆಯರು ನಮ್ಮನ್ನು ನೋಡಿ ನಗುವುದು ಇದೇ ಕಾರಣಕ್ಕೆ. ನಮ್ಮ ಉತ್ತರ, ಎರಡನೇ ಕಾರು ಇಲ್ಲವಲ್ಲ ಅಂತ. ಎಲ್ಸ್‌ವರ್ತ್-ಫೆಡರಲ್ ಸ್ಟೇಷನ್‌ವರೆಗೆ ನಡೆದರೆ ಬ್ರಾಡ್ ಸ್ಟ್ರೀಟ್ ಸುರಂಗ ರೈಲು ಸಿಗುತ್ತದೆ, ಆರೇಳು ನಿಮಿಷಕ್ಕೆ ಸಿಟಿ ಹಾಲ್.

ಸಾಲದ ವಿಷಯ. 2025ರ ಮೇ 25ರಿಂದ ಸರ್ಕಾರದ ಖಾತರಿಯಿರುವ ಎಫ್‌ಎಚ್‌ಎ ಸಾಲ ಗ್ರೀನ್ ಕಾರ್ಡ್ ಇಲ್ಲದ ವೀಸಾದವರಿಗೆ ಸಿಗುವುದಿಲ್ಲ. ಸಾಮಾನ್ಯ ಬ್ಯಾಂಕ್ ಸಾಲ ಸಿಗುತ್ತದೆ, ಆದರೆ ಬ್ಯಾಂಕಿನಿಂದ ಬ್ಯಾಂಕಿಗೆ ನಿಯಮ ಬೇರೆ. ಎಚ್-1ಬಿಯವರಿಗೆ ಈ ಮೊದಲು ಸಾಲ ಕೊಟ್ಟಿರುವವರನ್ನೇ ಹುಡುಕಿ. ಇಲ್ಲದಿದ್ದರೆ ಕೊನೆಯ ವಾರದಲ್ಲಿ ಯಾರೋ ಒಬ್ಬರು ನಿಮ್ಮ ವೀಸಾ ಕಾಗದ ಮೊದಲ ಸಲ ನೋಡಿ ಗಾಬರಿಯಾಗುತ್ತಾರೆ.

ಊರಿಂದ ದುಡ್ಡು ತರುವವರು ಆರು ತಿಂಗಳು ಮುಂಚೆಯೇ ಶುರುಮಾಡಿ. ಭಾರತದಲ್ಲಿರುವ ಅಪ್ಪ ಅಮ್ಮ ತಲಾ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು, ಆದರೆ ಆ ಹಣ ಮನೆ ಕೊಳ್ಳುವ ಹೊತ್ತಿಗೆ ಕೈಯಲ್ಲಿ ಇರುವುದಿಲ್ಲ. ವರ್ಷದಲ್ಲಿ 1 ಲಕ್ಷ ಡಾಲರಿಗಿಂತ ಹೆಚ್ಚು ಉಡುಗೊರೆ ಬಂದರೆ ಅಮೆರಿಕದಲ್ಲಿ ಫಾರಂ 3520 ಸಲ್ಲಿಸಬೇಕು. ತೆರಿಗೆ ಇಲ್ಲ, ಬರೀ ಮಾಹಿತಿ. ಆದರೆ ಮರೆತರೆ ದಂಡ ಜೋರಾಗಿರುತ್ತದೆ. ಬೆಂಗಳೂರಿನ ಸೈಟು ಮಾರಿದ ಹಣ, ಅನಿವಾಸಿಗಳಿಗೆ ಭಾರತದ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಒ ಖಾತೆಯಲ್ಲಿದ್ದರೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ತರಬಹುದು, ಚಾರ್ಟರ್ಡ್ ಅಕೌಂಟೆಂಟ್ ಸಹಿ ಬೇಕು.

ಕಾಗದ ಪತ್ರ

ಊರಲ್ಲಿ ಪೌತಿ ಖಾತೆ ಆಗದೆ ಉಳಿದ ಜಮೀನು ನೋಡಿದ್ದೀರಲ್ವಾ? ತಾತ ಹೋಗಿ ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು. ಇಲ್ಲೂ ಅದೇ ಕತೆ. ಅಜ್ಜಿ ತೀರಿಕೊಂಡರು, ವಿಲ್ ಇಲ್ಲ, ಮಗಳು ಅದೇ ಮನೆಯಲ್ಲಿ ಉಳಿದರು, ಪತ್ರ ಮಾತ್ರ ಬದಲಾಗಲಿಲ್ಲ. ಪ್ಯೂ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿದಾಗ ಫಿಲಡೆಲ್ಫಿಯಾದಲ್ಲಿ ಇಂಥ 10 ಸಾವಿರಕ್ಕೂ ಹೆಚ್ಚು ಮನೆ ಇದ್ದವು. ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿರುವ ಮನೆಗಳಲ್ಲಿ ಈ ತೊಡಕಿನ ಭಯ ಯಾವಾಗಲೂ ಇರುತ್ತದೆ.

ಹಾಗಾಗಿ ಮನೆ ಇಷ್ಟವಾದ ದಿನವೇ ನಗರದ ವೆಬ್‌ಸೈಟಿನ ಅಟ್ಲಾಸ್ ನಕ್ಷೆಯಲ್ಲಿ ವಿಳಾಸ ಹಾಕಿ. ಪತ್ರ ಯಾರ ಹೆಸರಲ್ಲಿದೆ, ಹಳೆಯ ಪರ್ಮಿಟ್ ಯಾವುವು, ದೂರುಗಳೇನು, ಎಲ್ಲ ಬಿಟ್ಟಿಯಾಗಿ ಸಿಗುತ್ತದೆ. ಒಳಗೆ ಹೊಚ್ಚಹೊಸ ಅಡುಗೆಮನೆ, ಮೂರು ಹೊಸ ಬಚ್ಚಲು, ಆದರೆ ಪ್ಲಂಬಿಂಗ್ ಪರ್ಮಿಟ್ ಒಂದೂ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಹಳೆ ಮನೆ ಕೊಂಡು ಮೇಕಪ್ ಮಾಡಿ ಮಾರುವವರು ಟೈಲ್ಸ್ ಹಿಂದೆ ಏನು ಮುಚ್ಚಿದ್ದಾರೋ ದೇವರಿಗೇ ಗೊತ್ತು.

ಮಾರುವವರು ನಗರದ ಲೈಸೆನ್ಸ್ ಮತ್ತು ತಪಾಸಣೆ ಇಲಾಖೆಯಿಂದ ಒಂದು ಪ್ರಮಾಣಪತ್ರ ತಂದುಕೊಡಬೇಕು. ಇಲ್ಲಿ ಆ ಇಲಾಖೆಗೆ ಎಲ್ ಅಂಡ್ ಐ ಅನ್ನುತ್ತಾರೆ. ಮನೆ ಒಂದೇ ಸಂಸಾರಕ್ಕಾ, ಎರಡು ಬಾಡಿಗೆ ಮನೆಗಾ, ಬಾಕಿ ನೋಟಿಸು ಇದೆಯಾ ಅಂತ ಅದರಲ್ಲಿ ಇರುತ್ತದೆ. “ಮೇಲಿನ ಮಹಡಿ ಬಾಡಿಗೆಗೆ ಕೊಡಬಹುದು” ಅಂತ ಯಾರಾದರೂ ಹೇಳಿದರೆ ಈ ಕಾಗದ ತೋರಿಸಿ ಅನ್ನಿ.

ಐತಿಹಾಸಿಕ ಕಟ್ಟಡವೋ ಅಲ್ಲವೋ ಅನ್ನುವುದನ್ನೂ ನೋಡಿಕೊಳ್ಳಿ. ಎರಡು ಪಟ್ಟಿಗಳಿವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದರೆ ಗೌರವ, ನಿಮ್ಮ ದುಡ್ಡಲ್ಲಿ ನೀವು ಕಿಟಕಿ ಬದಲಿಸಲು ಅಡ್ಡಿಯಿಲ್ಲ. ನಗರದ ಪಟ್ಟಿ ಹಾಗಲ್ಲ. ಅದನ್ನು ನೋಡಿಕೊಳ್ಳುವುದು 1955ರಲ್ಲಿ ಶುರುವಾದ ಹಿಸ್ಟಾರಿಕಲ್ ಕಮಿಷನ್. ಅದರಲ್ಲಿ ಹೆಸರಿರುವ ಮನೆಯ ಹೊರರೂಪಕ್ಕೆ ಕೈಹಚ್ಚುವ ಮುಂಚೆ ಅವರ ಒಪ್ಪಿಗೆ ಬೇಕು. ಬಾಗಿಲು, ಕಿಟಕಿ, ಮುಂಗೋಡೆ, ಮೇಲೆ ಕಾಣುವಂತೆ ಕಟ್ಟುವ ಹೆಚ್ಚುವರಿ ಮಹಡಿ, ಎಲ್ಲಕ್ಕೂ. ನನ್ನ ಕೇಳಿದರೆ ಇದು ತೊಂದರೆಗಿಂತ ರಕ್ಷಣೆ. ಪಕ್ಕದ ಮನೆಯೂ ಪಟ್ಟಿಯಲ್ಲಿದ್ದರೆ ಅವರು ರಾತ್ರೋರಾತ್ರಿ ಕೆಡವುವ ಹಾಗಿಲ್ಲವಲ್ಲ.

ತಪಾಸಣೆ: ಇಲ್ಲಿ ಜಿಪುಣತನ ಬೇಡ

ಖರೀದಿ ಕರಾರಿನಲ್ಲಿ ತಪಾಸಣೆಗೆ ಕೆಲವು ದಿನ ಇಟ್ಟಿರುತ್ತಾರೆ. ಪೈಪೋಟಿ ಇದ್ದಾಗ “ತಪಾಸಣೆ ಬೇಡ ಅಂತ ಬರೆದುಕೊಟ್ಟರೆ ಮನೆ ನಿಮಗೇ” ಅಂತ ಏಜೆಂಟರು ಹೇಳುತ್ತಾರೆ. ಹೊಸ ಮನೆಗೆ ಬೇಕಾದರೆ ಯೋಚಿಸಿ. ನೂರು ನೂರೈವತ್ತು ವರ್ಷದ ಸಾಲುಮನೆಗೆ ಆ ಮಾತು ಆಡಲೇಬೇಡಿ.

ನಡುಗೋಡೆಯಿಂದ ಶುರುಮಾಡಿ. ಸಾಲುಮನೆಯ ತೊಲೆಗಳು ಒಂದು ನಡುಗೋಡೆಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಕೂತಿರುತ್ತವೆ. ಮುಂಗೋಡೆಗೂ ತೊಲೆಗೂ ಬಿಗಿ ಕಮ್ಮಿ. ವರ್ಷಗಳು ಕಳೆದಂತೆ ಮುಂಗೋಡೆ ಬೀದಿಯ ಕಡೆ ಹೊಟ್ಟೆ ಬಿಡುತ್ತದೆ. ಪಾದಚಾರಿ ಹಾದಿಯಲ್ಲಿ ನಿಂತು, ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ಮೇಲಕ್ಕೆ ಕಣ್ಣು ಹಾಯಿಸಿ. ಉಬ್ಬಿದ್ದರೆ ಕಾಣುತ್ತದೆ. ಕೆಲವು ಮನೆಗಳ ಮುಂಗೋಡೆಯಲ್ಲಿ ನಕ್ಷತ್ರದ ಆಕಾರದ ಕಬ್ಬಿಣದ ಬಿಲ್ಲೆಗಳಿರುತ್ತವೆ. ಅಲಂಕಾರ ಅಂತ ಅಂದುಕೊಂಡಿದ್ದೆ. ಅವು ಉಬ್ಬಿದ ಗೋಡೆಯನ್ನು ಒಳಗಿನ ತೊಲೆಗೆ ಕಟ್ಟಿಹಾಕಿದ ಸರಳಿನ ತುದಿಗಳು. ಇದ್ದರೆ ಕೆಟ್ಟದ್ದಲ್ಲ, ಯಾರೋ ರಿಪೇರಿ ಮಾಡಿಸಿದ್ದಾರೆ ಅಂತ ಅರ್ಥ.

ಪಕ್ಕದ ಮನೆ ಖಾಲಿ ಬಿದ್ದಿದೆಯಾ? ಅದರ ತಾರಸಿ ಸೋರಿದರೆ ನೀರು ಇಳಿಯುವುದು ನಿಮ್ಮ ಗೋಡೆಗೂ ಹೌದು. ಪಕ್ಕದಲ್ಲಿ ಖಾಲಿ ಸೈಟು ಇದೆಯಾ? ನಾಳೆ ಅಲ್ಲಿ ಪಾಯ ತೋಡುತ್ತಾರೆ. ಹಳೆಯ ನಡುಗೋಡೆಯ ಕೆಳಗೆ ಕಲ್ಲಿನ ಪಾಯ, ಆಳವೂ ಹೆಚ್ಚಿರುವುದಿಲ್ಲ. ಮಣ್ಣು ಸಡಿಲವಾದರೆ ಗೋಡೆ ಕೂರುತ್ತದೆ. ಕೆಲಸ ಶುರುವಾಗುವ ಮುಂಚೆ ಎಂಜಿನಿಯರ್ ಕರೆಸಿ, ಇರುವ ಬಿರುಕುಗಳ ಫೋಟೊ ತಾರೀಕು ಸಮೇತ ತೆಗೆದಿಟ್ಟುಕೊಳ್ಳಿ. ಆಮೇಲೆ ಬಾಯಿಮಾತಿನ ಜಗಳ ಯಾರಿಗೂ ಬೇಡ.

ಗಾರೆ ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅಜ್ಜನ ಕಾಲದ ಮನೆಗಳಂತೆ ಇಲ್ಲಿನ ಹಳೆ ಗೋಡೆಗಳೂ ಸುಣ್ಣದ ಗಾರೆಯವು. ಇಟ್ಟಿಗೆ ಮೆತ್ತಗೆ, ಗಾರೆ ಅದಕ್ಕಿಂತ ಮೆತ್ತಗೆ. ತೇವ ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಈಗಿನ ಮೇಸ್ತ್ರಿಗಳು ಸಂದಿಗೆ ಗಟ್ಟಿ ಸಿಮೆಂಟು ತುಂಬಿ ಪಾಯಿಂಟಿಂಗ್ ಮಾಡಿಬಿಡುತ್ತಾರೆ. ನೋಡಲು ಚೊಕ್ಕ. ಆದರೆ ತೇವಕ್ಕೆ ದಾರಿ ಇಲ್ಲದೆ ಅದು ಇಟ್ಟಿಗೆಯೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಿತ್ತಲ ಗೋಡೆಗೆ ನಾವು ಮಾಡಿಸಿದ್ದು ಇದೇ ತಪ್ಪು. ಎರಡೇ ಚಳಿಗಾಲ ಸಾಕಾಯಿತು. ಪಕ್ಕದ ಅಜ್ಜಿ ನೋಡಿ, “ನಮ್ಮ ಯಜಮಾನರು ಇದ್ದಿದ್ದರೆ ಆ ಸಿಮೆಂಟಿನವನನ್ನು ಬೀದಿಗೇ ಬರಲು ಬಿಡ್ತಿರಲಿಲ್ಲ” ಅಂದರು. ಅವರ ಯಜಮಾನರು ಗಾರೆ ಕೆಲಸದವರಂತೆ. ಮೊದಲೇ ಕೇಳಬೇಕಿತ್ತು.

ಒಳಚರಂಡಿ ನಮ್ಮ ಎರಡನೇ ಪಾಠ. ಮನೆಯಿಂದ ಬೀದಿಯ ದೊಡ್ಡ ಕೊಳವೆವರೆಗಿನ ಯುಜಿಡಿ ಲೈನ್ ಮನೆಯವರದ್ದೇ ಜವಾಬ್ದಾರಿ, ರಸ್ತೆಯ ಕೆಳಗಿರುವ ಭಾಗವೂ ಸೇರಿ. ಹಳೆ ಮನೆಗಳಲ್ಲಿ ಅದು ಮಣ್ಣಿನ ಅಥವಾ ಎರಕದ ಕಬ್ಬಿಣದ ಪೈಪು. ಕ್ಯಾಮೆರಾ ಇಳಿಸಿ ನೋಡಲು ಕೆಲವು ನೂರು ಡಾಲರ್ ಬೇಡ ಅಂತ ಬಿಟ್ಟೆವು. ಮೂರನೇ ತಿಂಗಳು, ದೀಪಾವಳಿಯ ಹಿಂದಿನ ದಿನ, ನೆಲಮಾಳಿಗೆಯ ತೂಬಿನಿಂದ ಹೊಲಸು ನೀರು ಮೇಲೆ ಬಂತು. ಎಣ್ಣೆಸ್ನಾನದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಪಾದಚಾರಿ ಹಾದಿ ಅಗೆಸಿ ಪೈಪು ಬದಲಿಸಿದ್ದಕ್ಕೆ ಸಾವಿರಗಟ್ಟಲೆ ಹೋಯಿತು. ಆಮೇಲೆ ತಿಳಿಯಿತು, ಇಂಥ ರಿಪೇರಿಗೆ ನಗರದ ನೀರು ಇಲಾಖೆ ಬಡ್ಡಿಯಿಲ್ಲದ ಸಾಲವನ್ನೂ ಕೊಡುತ್ತದೆ ಅಂತ.

ನೀರಿನ ಸಂಪರ್ಕ ಸೀಸದ ಪೈಪಿನದಾ ಅಂತಲೂ ನೋಡಿ. 1950ಕ್ಕಿಂತ ಹಳೆಯ ಮನೆಗಳಲ್ಲಿ ಇರಬಹುದು. ನೆಲಮಾಳಿಗೆಯಲ್ಲಿ ಮೀಟರಿಗೆ ಬರುವ ಪೈಪನ್ನು ಕಾಸಿನಿಂದ ಗೀರಿ. ಬೆಳ್ಳಿಯಂತೆ ಹೊಳೆದು, ಮ್ಯಾಗ್ನೆಟ್ ಅಂಟದಿದ್ದರೆ ಸೀಸ. ಬಣ್ಣದಲ್ಲೂ ಸೀಸ ಇರುತ್ತದೆ. 1978ಕ್ಕಿಂತ ಮುಂಚಿನ ಮನೆಯಾದರೆ ಅದನ್ನು ಪರೀಕ್ಷಿಸಲು ಕೊಳ್ಳುವವರಿಗೆ 10 ದಿನದ ಅವಕಾಶ ಕಾನೂನಿನಲ್ಲೇ ಇದೆ. ಅಂಬೆಗಾಲಿಡುವ ಮಗು ಇದ್ದರೆ ಬಿಡಬೇಡಿ.

ಮಿಕ್ಕಿದ್ದು ಬೇಗ ಹೇಳಿಬಿಡುತ್ತೇನೆ. ಪಿಂಗಾಣಿ ಗುಬುಟುಗಳ ಮೇಲೆ ಎಳೆದ ಹಳೆ ವೈರಿಂಗ್ ಇದ್ದರೆ ಇನ್ಶೂರೆನ್ಸ್‌ನವರು ಮೂಗು ಮುರಿಯುತ್ತಾರೆ. ಚಪ್ಪಟೆ ತಾರಸಿಗೆ ಕೊನೆಯ ಸಲ ಯಾವಾಗ ಹೊದಿಕೆ ಹಾಕಿದರು ಕೇಳಿ. ನೆಲಮಾಳಿಗೆಯ ಕಲ್ಲುಗೋಡೆಯಲ್ಲಿ ಬಿಳಿ ಉಪ್ಪು ಅರಳಿದ್ದರೆ ತೇವ ಇದೆ. ಮನೆ ಒಳಗೆ ಹೋದಾಗ ಅಗರಬತ್ತಿ, ಸುವಾಸನೆಯ ಮೇಣದಬತ್ತಿ ಹಚ್ಚಿಟ್ಟಿದ್ದರೆ ಮೊದಲು ನೆಲಮಾಳಿಗೆಗೇ ಇಳಿಯಿರಿ.

ನೆಲಮಾಳಿಗೆ ಅಂದಾಗ ನೆನಪಾಯಿತು. ಇಲ್ಲಿನ ಹಳೆ ಮನೆಗಳ ನೆಲಮಾಳಿಗೆಯಲ್ಲಿ ಇನ್ನೊಂದು ಅಡುಗೆಮನೆ ಇರುತ್ತದೆ. ಮೇಲಿನದು ಬಂದವರು ನೋಡಲು. ದಿನವೂ ಹುರಿಯುವುದು, ಟೊಮೆಟೊ ಕುದಿಸುವುದು, ಭಾನುವಾರದ ದೊಡ್ಡ ಪಾತ್ರೆ, ಎಲ್ಲ ಕೆಳಗೆ. ಹೊಸಬರು ಕೊಂಡ ಕೂಡಲೇ ಅದನ್ನು ಕಿತ್ತು ಟಿವಿ ಕೋಣೆ ಮಾಡುತ್ತಾರೆ. ದಯವಿಟ್ಟು ಕೀಳಬೇಡಿ. ಇಂಗು ಸಾಸಿವೆ ಒಗ್ಗರಣೆಗೆ, ಒಣಮೆಣಸಿನಕಾಯಿ ಹುರಿಯಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ನೋಡಬೇಕಾದ್ದು ಒಂದೇ. ಹೊಗೆ ಹೊರಗೆ ಹೋಗುವ ಕೊಳವೆ ಇದೆಯಾ, ಗ್ಯಾಸ್ ಸಂಪರ್ಕ ಪರ್ಮಿಟ್ ಪಡೆದು ಮಾಡಿದ್ದಾ. ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೇ ಇಡಿ.

ಸಹಿ ಹಾಕುವ ದಿನ

ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವ್ಯವಹಾರ ಮುಗಿಸುವುದು ಟೈಟಲ್ ಕಂಪನಿ, ಅಂದರೆ ಆಸ್ತಿಯ ಹಕ್ಕು ಸರಿಯಿದೆಯಾ ಅಂತ ಪರಿಶೀಲಿಸುವ ಕಂಪನಿ. ವಕೀಲರು ಕಡ್ಡಾಯವಲ್ಲ. ಆದರೆ ಪತ್ರದಲ್ಲಿ ಹಿತ್ತಲ ಓಣಿಯ ಹಕ್ಕಿನ ಬಗ್ಗೆ ಒಂದು ಸಾಲು ಇದ್ದರೂ ವಕೀಲರಿಗೆ ತೋರಿಸಿ. ಮೂರಡಿ ಓಣಿಯಾದರೂ ನಾಲ್ಕು ಮನೆಯ ಕಸದಬುಟ್ಟಿ ಅಲ್ಲಿಂದಲೇ ಹೋಗುತ್ತದೆ. ಅಲ್ಲಿ ಗೇಟು ಹಾಕಿಸಿ ಆಮೇಲೆ ಕಿತ್ತವರನ್ನು ನೋಡಿದ್ದೇನೆ. ಕೊಳ್ಳುವವರ ಹೆಸರಿನ ಟೈಟಲ್ ಇನ್ಶೂರೆನ್ಸ್ ತೆಗೆದುಕೊಳ್ಳಿ, ಬ್ಯಾಂಕಿನ ಹೆಸರಿನದು ನಿಮ್ಮನ್ನು ಕಾಯುವುದಿಲ್ಲ. ಸಹಿ ಹಾಕುವ ದಿನ ಬೆಳಗ್ಗೆ ಮನೆಗೆ ಹೋಗಿ ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ನೆಲಮಾಳಿಗೆ ನೋಡಿ ಬನ್ನಿ.

ಮನೆಗೆ ಬಂದ ಮೇಲೆ

ಮೊದಲ ವಾರವೇ ಎರಡೂ ಪಕ್ಕದ ಬಾಗಿಲು ತಟ್ಟಿ. ನಾವು ಮೈಸೂರುಪಾಕು ತೆಗೆದುಕೊಂಡು ಹೋದೆವು. ಮರುದಿನ ತಟ್ಟೆ ಖಾಲಿ ಬರಲಿಲ್ಲ, ಪಿಟ್ಸೆಲ್ಲೆ ಅನ್ನುವ ಗರಿಗರಿ ಬಿಲ್ಲೆಗಳು ತುಂಬಿ ಬಂದವು. ಖಾಲಿ ತಟ್ಟೆ ವಾಪಸ್ ಕೊಡಬಾರದು ಅನ್ನೋದು ಅವರಲ್ಲೂ ಇದೆ ಅಂತ ಆವತ್ತು ಗೊತ್ತಾಯಿತು.

ಮಾತು ಸ್ವಲ್ಪ ಕಿವಿಗೆ ಒಗ್ಗಬೇಕು. ಟೊಮೆಟೊ ಸಾಸಿಗೆ ಇಲ್ಲಿನ ಹಳಬರು ‘ಗ್ರೇವಿ’ ಅನ್ನುತ್ತಾರೆ. ದಕ್ಷಿಣ ಇಟಲಿಯ ನುಡಿಯಂತೆ ಕೊನೆಯ ಸ್ವರ ನುಂಗಿಬಿಡುತ್ತಾರೆ, ರಿಕೋಟಾ ಹೋಗಿ ‘ರಿಗೋಟ್’. ಸಾರ್ಕೋನ್ಸ್ ಬೇಕರಿ 1918ರದು, ಬೆಳಗ್ಗೆಯೇ ಬ್ರೆಡ್ ಮುಗಿದುಹೋಗುತ್ತದೆ. ಟೊಮೆಟೊ ಪೈ ಅನ್ನುವುದು ತಣ್ಣಗೇ ತಿನ್ನುವ, ದಪ್ಪ ರೊಟ್ಟಿಯ ಮೇಲೆ ಸಾಸ್ ಬಳಿದ ತಿಂಡಿ. ಮಾಂಸವಿಲ್ಲ. ನಮ್ಮ ಅತ್ತೆಗೂ ಹಿಡಿಸಿತು, ಚಟ್ನಿಪುಡಿ ಉದುರಿಸಿಕೊಂಡ ಮೇಲೆ.

ಕಾರು ಇದ್ದರೆ ತಾಳ್ಮೆಯೂ ಇರಬೇಕು. ಪಾರ್ಕಿಂಗ್ ಅಥಾರಿಟಿಯ ಪರ್ಮಿಟ್ ಇದ್ದರೂ ಜಾಗ ಸಿಗುತ್ತದೆ ಅಂತಿಲ್ಲ. ಬ್ರಾಡ್ ಸ್ಟ್ರೀಟಿನ ನಡುವೆಯೇ ಕಾರು ಸಾಲಾಗಿ ನಿಲ್ಲಿಸಿರುವುದನ್ನು ನೋಡಿ ಹೊಸಬರು ಬೆಚ್ಚುತ್ತಾರೆ. ನಿಯಮಕ್ಕೆ ವಿರುದ್ಧವೇ, ಆದರೂ ಹಳೇ ರೂಢಿ. ಹಿಮ ಬಿದ್ದಾಗ ಜನ ತಾವು ಗುದ್ದಲಿ ಹಿಡಿದು ಬಿಡಿಸಿದ ಜಾಗಕ್ಕೆ ಹಳೆ ಕುರ್ಚಿ ಇಟ್ಟು ಹೋಗುತ್ತಾರೆ. ಪೊಲೀಸರು ಅದು ತಪ್ಪು ಅನ್ನುತ್ತಾರೆ. ತಪ್ಪಾದರೂ ಆ ಕುರ್ಚಿ ಎತ್ತಬೇಡಿ.

ಹಿಮದ್ದೇ ಇನ್ನೊಂದು ನಿಯಮ. ಬೀಳುವುದು ನಿಂತ 6 ಗಂಟೆಯೊಳಗೆ ಮನೆ ಮುಂದೆ 36 ಇಂಚು ಅಗಲದ ದಾರಿ ಬಿಡಿಸಬೇಕು. ನಮ್ಮ ಬೀದಿಯಲ್ಲಿ ಲೆಕ್ಕ ಬೇರೆ. ಮೊದಲು ಎದ್ದವರು ಪಕ್ಕದ ವಯಸ್ಸಾದವರ ಮುಂದೆಯೂ ತೆಗೆಯುತ್ತಾರೆ. ಗುದ್ದಲಿ ಒಂದು, ಉಪ್ಪಿನ ಚೀಲ ಎರಡು, ನವೆಂಬರಿನಲ್ಲೇ ತಂದಿಡಿ. ಹಿಮ ಬರುವ ದಿನ ಅಂಗಡಿಯಲ್ಲಿ ಸಿಗುವುದಿಲ್ಲ.

ಹಿತ್ತಲಲ್ಲಿ ಅಂಜೂರದ ಗಿಡ ಇದ್ದರೆ ಅದೂ ನವೆಂಬರಿನ ಕೆಲಸ. ಇಟಲಿಯಿಂದ ಬಂದವರು ಕಡ್ಡಿ ತಂದು ನೆಟ್ಟ ಗಿಡಗಳು ಇಲ್ಲಿ ಎಷ್ಟೋ ಇವೆ. ಎಲೆ ಉದುರಿದ ಮೇಲೆ ಕೊಂಬೆಗಳನ್ನು ಹಗ್ಗದಿಂದ ಒಟ್ಟಿಗೆ ಬಿಗಿಯಬೇಕು. ಗೋಣಿತಾಟು ಸುತ್ತಿ, ನಡುವೆ ಒಣಗಿದ ಎಲೆ ತುಂಬಿ, ಮೇಲೆ ಬಕೆಟ್ ಬೋರಲು ಹಾಕಬೇಕು, ನೀರು ಒಳಗೆ ಇಳಿಯದ ಹಾಗೆ. ಪ್ಲಾಸ್ಟಿಕ್ ಸುತ್ತಿದರೆ ಬೆವರಿ ಕೊಳೆಯುತ್ತದೆ. ಬಿಚ್ಚುವುದು ಯಾವಾಗ ಅಂತ ನಾನು ಈಗಲೂ ಗೋಡೆ ತಟ್ಟಿಯೇ ಕೇಳುತ್ತೇನೆ.